ಗೇಟು ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಬಡಾವಣೆಗಳ ವಾಸ್ತುಶಿಲ್ಪ ಮತ್ತು ರಾಷ್ಟ್ರದ ಗುರುತು’ ಅಂತ ಹೆಸರಿಟ್ಟಿದ್ದಾರೆ. ಓದಿ ನನಗೇ ಭಯವಾಯಿತು. ನಾನು ಥರ್ಟಿ ಫಾರ್ಟಿ ಸೈಟಿಗೆ ಪ್ಲಾನು ಬರೆದು ಜೀವನ ಮಾಡುವವನು. ಅಡುಗೆಮನೆ ಆಗ್ನೇಯಕ್ಕೆ ಬರಬೇಕು, ಸಂಪು ಈಶಾನ್ಯಕ್ಕೆ ಬರಬೇಕು, ಕಾರು ಹೇಗಾದರೂ ಒಳಗೆ ನಿಲ್ಲಬೇಕು. ಇಷ್ಟರಲ್ಲೇ ದಿನ ಮುಗಿಯುತ್ತದೆ. ಹಾಗಾಗಿ ದೊಡ್ಡ ಮಾತು ಬಿಟ್ಟು ಗೇಟಿನ ಬಗ್ಗೆ ಮಾತಾಡುತ್ತೇನೆ.

ಇಲ್ಲಿಗೆ ಬರುವಾಗ ತುಂಬಾ ಜನ ಅಶೋಕ ಪಿಲ್ಲರ್ ದಾಟಿ ಬಂದಿರುತ್ತೀರಿ. ಈಗ ಅದು ಬಸ್ ಸ್ಟಾಪಿನ ಹೆಸರು, ಟ್ರಾಫಿಕ್ಕಿನ ಹೆಸರು. 1948ರಲ್ಲಿ ಬೆಂಗಳೂರಿನ ಈ ಜಯನಗರಕ್ಕೆ ಅಡಿಗಲ್ಲು ಹಾಕಿದವರು ಆಗಿನ ಗವರ್ನರ್ ಜನರಲ್ ರಾಜಾಜಿ. ಕಂಬ ಅದರ ನೆನಪು. ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರ್ಷ. ಬಡಾವಣೆಯ ಹೆಸರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್, ಬಾಗಿಲಲ್ಲಿ ಅಶೋಕನ ಸಿಂಹಗಳು. ಮಹಾರಾಜರೂ ಇರಲಿ, ಹೊಸ ದೇಶವೂ ಇರಲಿ! ನಮ್ಮ ಮೈಸೂರು ಸೀಮೆಯವರ ಜಾಣತನ ಅಲ್ವಾ? ನನಗೆ ಹಿಡಿಸುವ ವಿಷಯ ಇನ್ನೊಂದಿದೆ. ಅಲ್ಲಿ ಕಂಬ ಇದೆ, ಗೇಟಿಲ್ಲ. ಯಾರು ಬೇಕಾದರೂ ಹಾದು ಹೋಗಬಹುದು.

ನಾನು ಬೆಳೆದ ಮನೆ ಇಲ್ಲಿಂದ ನಾಲ್ಕು ಅಡ್ಡರಸ್ತೆ ಆಚೆ ಇತ್ತು. ಕೆಂಪು ಗಾರೆ ನೆಲ, ಕಿಟಕಿಯ ಮೇಲೆ ವೆಂಟಿಲೇಟರ್, ಸೊಂಟದೆತ್ತರದ ಕಾಂಪೌಂಡು. ಗೇಟಿನಲ್ಲಿ ಸೂರ್ಯ ಹುಟ್ಟುವ ಡಿಸೈನು. ಆಗ ಬೀದಿಗೆ ಹತ್ತು ಸೂರ್ಯ ಹುಟ್ಟುತ್ತಿದ್ದ. ಅಮ್ಮ ಬೆಳಿಗ್ಗೆ ‘ಬಾಗಿಲಿಗೆ ನೀರು ಹಾಕ್ತೀನಿ’ ಅಂತ ಬಕೆಟ್ ಹಿಡಿದು ಹೊರಡುತ್ತಿದ್ದಳು. ನೀರು ಬೀಳುತ್ತಿದ್ದದ್ದು ಬಾಗಿಲಿಗಲ್ಲ, ಗೇಟಿನಾಚೆ ಬೀದಿಗೆ. ರಂಗೋಲಿಯೂ ಅಲ್ಲೇ, ಕಾರ್ಪೊರೇಷನ್ನಿನ ಜಾಗದಲ್ಲಿ. ಹಾಲಿನವನ ಸೈಕಲ್ಲು ಅದನ್ನು ಬಳಸಿಕೊಂಡು ಹೋಗುತ್ತಿತ್ತು. ನಮ್ಮ ಮನೆ ಎಲ್ಲಿ ಮುಗಿಯುತ್ತದೆ ಅಂತ ಕೇಳಿದ್ದರೆ ಅಮ್ಮ ಕಾಂಪೌಂಡ್ ಗೋಡೆ ತೋರಿಸುತ್ತಿರಲಿಲ್ಲ.

ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾನು ಬಂದಿಲ್ಲ. 1898ರಲ್ಲಿ ಪೇಟೆಗೆ ಪ್ಲೇಗ್ ಬಂತು. ಗಾಳಿ ಬೆಳಕು ಹುಡುಕಿಕೊಂಡು ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹೋದರು. ಅಗಲದ ರಸ್ತೆ, ಮನೆ ಸುತ್ತ ಜಾಗ, ಮರ. ಆ ನಕ್ಷೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿಯೂ ಇದೆ. ಕನ್ಸರ್ವೆನ್ಸಿ ಓಣಿ. ಕಕ್ಕಸು ಬಳಿಯುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಮಾಡಿದ ದಾರಿ. ಆರೋಗ್ಯದ ಲೆಕ್ಕವೂ ಜಾತಿಯ ಲೆಕ್ಕವೂ ಒಂದೇ ಗೆರೆಯಲ್ಲಿ ಬಂದಿವೆ. ಈಗ ಮಲ್ಲೇಶ್ವರದಲ್ಲಿ ಅಂಥ ಓಣಿಗೆ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ. ಚೆನ್ನಾಗಿದೆ, ಹೋಗಿ ನೋಡಿ. ಆದರೆ ಅದು ಯಾಕಿತ್ತು ಅಂತ ಮಕ್ಕಳಿಗೆ ಹೇಳಿ.

ಕಾರ್ಖಾನೆ ಕಾಲೋನಿಗಳದ್ದು ಇನ್ನೊಂದು ಕಥೆ. ಟೆಲಿಫೋನಿನ ಐಟಿಐ 1948, ಯಂತ್ರೋಪಕರಣದ ಎಚ್‌ಎಂಟಿ 1953, ಎಲೆಕ್ಟ್ರಾನಿಕ್ಸಿನ ಬಿಇಎಲ್ 1954. ದೇಶ ಯಂತ್ರ ಮಾಡಲು ಹೊರಟಿತು, ಜೊತೆಗೆ ಕ್ವಾರ್ಟರ್ಸ್ ಕಟ್ಟಿತು. ಪಕ್ಕದ ಮನೆಯವರು ಯಾವ ಭಾಷೆಯವರೋ, ಯಾವ ಊರಿನವರೋ. ಗ್ರೇಡು ಒಂದಾದರೆ ಮನೆಯೂ ಒಂದೇ. ಜಾತಿಯ ಬದಲು ಗ್ರೇಡು ಬಂತು ಅಂತ ನೀವು ಹೇಳಬಹುದು. ಹೇಳಿ, ನಾನು ಜಗಳ ಮಾಡಲ್ಲ.

ಒಂದು ನಿಮಿಷ ಅಮೆರಿಕಕ್ಕೆ ಹೋಗಿ ಬರೋಣ. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲ್ಯಾಂಡಿನಲ್ಲಿ 1947ರಿಂದ ಲೆವಿಟೌನ್ ಅಂತ ಒಂದು ಬಡಾವಣೆ ಎದ್ದಿತು. 17,000ಕ್ಕೂ ಜಾಸ್ತಿ ಮನೆಗಳು, ಎಲ್ಲ ಒಂದೇ ಅಚ್ಚಿನವು. ಅಲ್ಲಿ ಬೇಲಿ ಹಾಕಲೇಬಾರದು ಅಂತ ಆಗ ನಿಯಮ ಇತ್ತು. ಹುಲ್ಲುಹಾಸು ಒಂದು ಮನೆಯಿಂದ ಇನ್ನೊಂದು ಮನೆಗೆ ಹರಿದುಕೊಂಡು ಹೋಗುತ್ತಿತ್ತು. ಎಷ್ಟು ಉದಾರ ಅಲ್ವಾ? ಆದರೆ ಶುರುವಿನ ಕರಾರಿನಲ್ಲಿ ಇನ್ನೊಂದು ಸಾಲಿತ್ತು. ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ. ಗೇಟು ಕಾಗದದ ಮೇಲಿತ್ತು!

ನಗಬೇಡಿ. ನಮ್ಮ ಸೊಂಟದೆತ್ತರದ ಕಾಂಪೌಂಡಿನ ಮೇಲೂ ಒಂದು ಬೋರ್ಡು ನೇತಾಡುತ್ತಿತ್ತು. ಈಗಲೂ ನೇತಾಡುತ್ತದೆ. ‘ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.’

ಈಗ ವೈಟ್‌ಫೀಲ್ಡ್. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 4,000 ಎಕರೆ ಕೊಟ್ಟರು. ಇಂಗ್ಲೆಂಡಿನವರೂ ತಮ್ಮವರೆನ್ನದ, ಇಲ್ಲಿನವರೂ ತಮ್ಮವರೆನ್ನದ ಜನ ತಮಗೊಂದು ಊರು ಮಾಡಿಕೊಂಡರು. ನಡುವೆ ಗುಂಡನೆಯ ಬಯಲು, ಸುತ್ತ ಹೆಂಚಿನ ಮನೆ. ಈಗ ಅದರ ಆಚೀಚೆ ವಿಲ್ಲಾಗಳು. ಒಳಗೆ ಲೆವಿಟೌನ್ ಥರವೇ, ಮನೆಮನೆಗೆ ಕಾಂಪೌಂಡಿಲ್ಲ, ಹುಲ್ಲುಹಾಸು ಹರಿದಾಡುತ್ತದೆ. ಎಲ್ಲ ಗೇಟೂ ಸೇರಿ ಒಂದೇ ದೊಡ್ಡ ಗೇಟಾಗಿ ರಸ್ತೆಗೆ ಬಂದು ನಿಂತಿದೆ. ಸೊಪ್ಪಿನವಳು ಅದರಾಚೆ. ಫ್ಲ್ಯಾಟುಗಳಲ್ಲಿ ಎರಡು ಲಿಫ್ಟ್ ಇರುತ್ತವೆ. ಮನೆಕೆಲಸದವರು ಸರ್ವಿಸ್ ಲಿಫ್ಟಿನಲ್ಲೇ ಬರಬೇಕು ಅಂತ ಕೆಲವು ಕಡೆ ರೂಲ್ಸು. ನನ್ನ ಕಣ್ಣಿಗೆ ಅದು ಕನ್ಸರ್ವೆನ್ಸಿ ಓಣಿಯೇ. ಉದ್ದಕ್ಕೆ ಮಲಗಿತ್ತು, ಈಗ ಎದ್ದು ನಿಂತಿದೆ. ರಂಗೋಲಿ? ಫ್ಲ್ಯಾಟಿನ ಬಾಗಿಲ ಮುಂದೆ ಸ್ಟಿಕ್ಕರ್.

ಇದರಲ್ಲಿ ನನ್ನ ಪಾಲೂ ಇದೆ. ಹೋದ ವರ್ಷ ಇದೇ ಬಡಾವಣೆಯಲ್ಲಿ ಹಳೇ ಮನೆ ಒಡೆದು ಹೊಸದು ಕಟ್ಟಿಸುವವರು ಬಂದರು. ‘ಸಾರ್, ಎಂಟಡಿ ಗೇಟು, ಪೂರ್ತಿ ತಗಡು, ಹೊರಗಿನವರಿಗೆ ಏನೂ ಕಾಣಬಾರದು’ ಅಂದರು. ಬರೆದುಕೊಟ್ಟೆ. ಗೇಟು ಕೂರಿಸಿದ ದಿನ ಅವರ ತಾಯಿ ಕುರ್ಚಿ ಹಾಕಿಸಿಕೊಂಡು ಗೇಟಿನ ಎದುರು ಕೂತಿದ್ದರು. ‘ಬೀದಿ ಕಾಣ್ತಿಲ್ವಲ್ಲಪ್ಪಾ, ಇನ್ನು ನಾನೇನ್ ನೋಡ್ಲಿ?’ ಅಂದರು. ಮಗ ನನ್ನ ಮುಖ ನೋಡಿದರು, ನಾನು ವೆಲ್ಡಿಂಗಿನವನ ಮುಖ ನೋಡಿದೆ.

ಅಜ್ಜಿಯ ಕುರ್ಚಿಯ ಎತ್ತರಕ್ಕೆ ಅಳತೆ ತೆಗೆದು ತಗಡಿನಲ್ಲಿ ಒಂದಡಿ ಅಗಲ, ಅರ್ಧ ಅಡಿ ಎತ್ತರದ ಕಿಂಡಿ ಕೊರೆಸಿದೆವು. ಸಣ್ಣ ಗ್ರಿಲ್ ಹಾಕಿದೆವು. ಮೊನ್ನೆ ಆ ಕಡೆ ಹೋಗಿದ್ದೆ. ಗ್ರಿಲ್ ಕಿತ್ತಿತ್ತು. ಸೊಪ್ಪಿನವಳು ಅದರಲ್ಲಿ ಒಂದು ಕಟ್ಟು ದಂಟು ತೂರಿಸುತ್ತಿದ್ದಳು, ಒಳಗಿಂದ ಅಜ್ಜಿ ‘ನಿನ್ನೆದಲ್ವೇನೇ ಇದು?’ ಅಂತ ಜಗಳ ತೆಗೆದಿದ್ದರು.