ತುಪ್ಪಳವಿಲ್ಲ, ಕೆಲಸ ತಪ್ಪಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಮೈಮೇಲೆ ಕೂದಲೇ ಇಲ್ಲದ ಬೆಕ್ಕನ್ನು ನಿಮ್ಮಲ್ಲಿ ಹಲವರು ಮೊಬೈಲ್‌ನಲ್ಲಾದರೂ ನೋಡಿರುತ್ತೀರಿ. ದೊಡ್ಡ ಕಿವಿ, ಸುಕ್ಕುಗಟ್ಟಿದ ಹಣೆ, ಮಡಿಕೆ ಮಡಿಕೆಯಾದ ಕತ್ತು. ತಳಿಯ ಹೆಸರು ಸ್ಫಿಂಕ್ಸ್. ಈಚೆಗೆ ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ನಮ್ಮ ಮನೆಯಲ್ಲೂ ಒಂದಿದೆ. ಹೆಸರು ಗುಂಡಣ್ಣ. ಗ್ಯಾಸ್ ಸಿಲಿಂಡರ್ ತರುವ ಹುಡುಗನಿಂದ ಹಿಡಿದು ನಮ್ಮ ಅತ್ತಿಗೆಯವರೆಗೆ, ಅವನನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಮಾತು. "ಅಯ್ಯೋ ಪಾಪ, ಕಜ್ಜಿ ಆಗಿದೆಯಾ?"

ಕಜ್ಜಿ ಅಲ್ಲ. ಹುಟ್ಟಿದ್ದೇ ಹಾಗೆ.

ಇನ್ನು ಕೆಲವರಿಗೆ ಇಂಥದ್ದೊಂದು ಬೆಕ್ಕು ಬೇಕು ಅನ್ನಿಸುತ್ತದೆ. ಯಾಕೆ ಅಂತ ಕೇಳಿದರೆ, "ಕೂದಲು ಉದುರಲ್ಲ, ಸೋಫಾ ಗಲೀಜಾಗಲ್ಲ, ಕೆಲಸ ಕಡಿಮೆ ಅಲ್ವಾ?" ಅನ್ನುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ "ಕೆಲಸ ಕಡಿಮೆ" ಅನ್ನುವ ಮಾತಿನ ಬಗ್ಗೆಯೇ. ಬೆಕ್ಕಿಗೆ ತುಪ್ಪಳ ಇರುವುದು ಸುಮ್ನೆ ಅಂದಕ್ಕಲ್ಲ. ಅದು ಮೈಯ ಜಿಡ್ಡು ಹೀರುತ್ತದೆ, ಚಳಿ ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಚರ್ಮಕ್ಕೆ ಗೀರು ಬೀಳದಂತೆ ಕಾಯುತ್ತದೆ. ತುಪ್ಪಳ ಇಲ್ಲ ಅಂದ ಮಾತ್ರಕ್ಕೆ ಈ ಕೆಲಸಗಳು ಇಲ್ಲವಾಗುವುದಿಲ್ಲ. ಸಾಕಿದವರ ಪಾಲಿಗೆ ಬರುತ್ತವೆ.

ಇದು ಈಜಿಪ್ಟಿನ ಬೆಕ್ಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಕೆನಡಾದ್ದು. 1966ರಲ್ಲಿ ಟೊರಾಂಟೊದಲ್ಲಿ ಒಂದು ಸಾಧಾರಣ ಮನೆಬೆಕ್ಕು ಮರಿ ಹಾಕಿತು. ಅದರಲ್ಲೊಂದು ಮರಿ ಬೋಳು. ಅದಕ್ಕೆ ಪ್ರೂನ್ ಅಂತ ಹೆಸರಿಟ್ಟರು. ಆ ವಂಶ ಬಹಳ ಕಾಲ ನಡೆಯಲಿಲ್ಲ. ಈಗಿನ ಸ್ಫಿಂಕ್ಸ್‌ಗಳ ಮೂಲ 1970ರ ದಶಕದ್ದು. ಅಮೆರಿಕದ ಮಿನ್ನೆಸೋಟಾದಲ್ಲಿ ಒಂದು ತೋಟದ ಮನೆಯಲ್ಲಿ, ಹಾಗೆಯೇ ಟೊರಾಂಟೊದಲ್ಲಿ, ಮತ್ತೆ ಬೋಳು ಮರಿಗಳು ಹುಟ್ಟಿದವು. ಮಿನ್ನೆಸೋಟಾದ ಎರಡು ಮರಿಗಳ ಹೆಸರು ಎಪಿಡರ್ಮಿಸ್ ಮತ್ತು ಡರ್ಮಿಸ್. ಅಂದರೆ ಹೊರಚರ್ಮ, ಒಳಚರ್ಮ! ಹೆಸರಿಟ್ಟವರ ತಮಾಷೆ ನನಗೆ ಇಷ್ಟವಾಯಿತು.

ಕಾರಣ ಒಂದು ಜೀನ್. ಕೂದಲು ಕಟ್ಟುವ ಕೆರಾಟಿನ್ ಅನ್ನುವ ಪ್ರೋಟೀನ್‌ಗೆ ಸಂಬಂಧಿಸಿದ ಜೀನ್ ಅದು. ಅದರ ಬದಲಾದ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಬೋಳಾಗುತ್ತದೆ. ಪೂರ್ತಿ ಬೋಳು ಅಂತಲೂ ಹೇಳುವ ಹಾಗಿಲ್ಲ. ಬೆನ್ನು ಸವರಿದರೆ ಎಳೆ ಬೆಂಡೆಕಾಯಿ ಮೇಲಿರುವಂಥ ನವಿರು ಸುಂಕು ಕೈಗೆ ತಾಗುತ್ತದೆ. ಮೂಗಿನ ಮೇಲೆ, ಬಾಲದ ತುದಿಯಲ್ಲಿ ನಾಲ್ಕು ಕೂದಲು ಇರುವುದೂ ಉಂಟು. ಮೀಸೆ ಮಾತ್ರ ಕೆಲವಕ್ಕೆ ಇರುವುದೇ ಇಲ್ಲ. ಇದ್ದರೂ ಮೋಟು, ಮುರುಕು.

ಈಗ ಜಿಡ್ಡಿನ ವಿಷಯಕ್ಕೆ ಬರೋಣ. ಎಲ್ಲ ಬೆಕ್ಕುಗಳ ಚರ್ಮದಲ್ಲೂ ಎಣ್ಣೆಯ ಗ್ರಂಥಿಗಳಿವೆ. ತುಪ್ಪಳವಿದ್ದರೆ ಆ ಎಣ್ಣೆ ಕೂದಲಿಗೆ ಹಬ್ಬಿಹೋಗುತ್ತದೆ. ಗುಂಡಣ್ಣನಿಗೆ ಆ ದಾರಿ ಇಲ್ಲ. ಸ್ನಾನವಾಗಿ ನಾಲ್ಕೈದು ದಿನಕ್ಕೆಲ್ಲ ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ ಕಂದು ಗೆರೆಗಳು ಏಳುತ್ತವೆ. ಬಿಳಿ ಬೆಡ್‌ಶೀಟ್ ಮೇಲೆ ಮಲಗಿ ಎದ್ದರೆ ಅವನು ಮಲಗಿದ್ದ ಆಕಾರದಲ್ಲೇ ಕಲೆ. ನಮ್ಮ ಮನೆಯಲ್ಲಿ ಬಿಳಿ ಹೊದಿಕೆಗಳೆಲ್ಲ ಬೀರು ಸೇರಿ ಬಹಳ ಕಾಲವಾಯಿತು. ಸೋಫಾ ಮೇಲೆ ಹಳೆ ಕೌದಿ ಹಾಸಿದ್ದೇವೆ. ಕೂದಲು ಗುಡಿಸುವ ಕೆಲಸ ತಪ್ಪಿತು ನಿಜ. ಅದರ ಬದಲು ಒಗೆಯುವ ಕೆಲಸ ಸೇರಿಕೊಂಡಿತು.

ಹಾಗಾಗಿ ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಸ್ನಾನ ಆಗಲೇಬೇಕು. ಬೆಕ್ಕಿಗೆ ಸ್ನಾನ ಅಂದರೆ ನಗಬೇಡಿ. ಮರಿಯಿಂದಲೇ ರೂಢಿಯಾದರೆ ಸುಮ್ಮನೆ ನಿಲ್ಲುತ್ತವೆ. ಅಗಲವಾದ ಟಬ್ಬಿನ ತಳಕ್ಕೆ ಒಂದು ಟವೆಲ್ ಹಾಸಿ, ಆಗ ಕಾಲು ಜಾರುವುದಿಲ್ಲ. ಅರ್ಧ ಗಾಬರಿ ಅಲ್ಲೇ ಕಡಿಮೆ. ನೀರು ಅವನ ಹೊಟ್ಟೆ ಮುಟ್ಟುವಷ್ಟು ಸಾಕು. ಮೊಣಕೈ ಅದ್ದಿ ನೋಡಿ, ಉಗುರು ಬೆಚ್ಚಗಿರಬೇಕು. ನಲ್ಲಿ ಬಿಡಬೇಡಿ, ಷವರ್ ಅಂತೂ ಬೇಡವೇ ಬೇಡ, ಆ ಸದ್ದಿಗೇ ಗೋಡೆ ಹತ್ತುತ್ತಾನೆ. ಮಗ್ಗಿನಲ್ಲಿ ನಿಧಾನಕ್ಕೆ ಹಾಕಿ. ಶಾಂಪೂ ಪಶುವೈದ್ಯರು ಹೇಳಿದ್ದೇ ಆಗಬೇಕು. ನಮ್ಮ ಸೋಪು, ಸೀಗೆಪುಡಿ, ಕಡಲೆಹಿಟ್ಟು ಯಾವುದೂ ಬೇಡ. ಮೃದುವಾದ ಬಟ್ಟೆಯಲ್ಲಿ ಮಡಿಕೆ ಬಿಡಿಸಿ ಬಿಡಿಸಿ ಒರೆಸಿ. ಬೆರಳ ಸಂದು, ಬಾಲದ ಬುಡ ಮರೆಯಬೇಡಿ. ಆಮೇಲೆ ಶಾಂಪೂ ಒಂಚೂರೂ ಉಳಿಯದ ಹಾಗೆ ತೊಳೆಯಿರಿ. ಉಳಿದರೆ ನವೆ ಶುರು. ಫ್ಯಾನ್ ಆರಿಸಿ, ಟವೆಲ್‌ನಲ್ಲಿ ಸುತ್ತಿ ಒರೆಸಿ. ಒದ್ದೆ ಮೈಯಲ್ಲಿ ಬಿಟ್ಟರೆ ಗಡಗಡ ನಡುಗುತ್ತಾನೆ.

ಜಿಡ್ಡು ಕಂಡಿತು ಅಂತ ದಿನಾ ಸ್ನಾನ ಮಾಡಿಸುವುದೂ ತಪ್ಪು. ಚರ್ಮ ಒಣಗಿ ಹೊಟ್ಟು ಏಳುತ್ತದೆ. ಹಾಗೆ ಒಣಗಿದಾಗ ನಮ್ಮ ಅತ್ತೆಯವರು, "ಒಂದಿಷ್ಟು ಹರಳೆಣ್ಣೆ ಹಚ್ಚಮ್ಮ" ಅಂದಿದ್ದರು. ಅವರ ಪ್ರಕಾರ ಹರಳೆಣ್ಣೆಗೆ ಬಗ್ಗದ ಕಾಯಿಲೆ ಇಲ್ಲ. ಆದರೆ ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಹರಳೆಣ್ಣೆ ನೆಕ್ಕಿದರೆ ಮುಂದೇನಾಗುತ್ತದೆ ಅಂತ ನಿಮಗೇ ಗೊತ್ತು.

ಕಿವಿ ಇನ್ನೊಂದು. ಕಿವಿಯೊಳಗೂ ಕೂದಲಿಲ್ಲವಾದ್ದರಿಂದ ದೂಳು, ಕಪ್ಪು ಗುಗ್ಗೆ ಬೇಗ ಸೇರುತ್ತದೆ. ವೈದ್ಯರು ಕೊಡುವ ದ್ರವ ಹತ್ತಿಗೆ ಹಾಕಿ, ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಒರೆಸಿ. ಇಯರ್ ಬಡ್ ಒಳಗೆ ತೂರಿಸಬೇಡಿ. ಉಗುರಿನ ಬುಡದಲ್ಲೂ ಅದೇ ಕಂದು ಕೊಳೆ ಕಟ್ಟುತ್ತದೆ. ಉಗುರು ಕತ್ತರಿಸುವ ದಿನ ಅದನ್ನೂ ಒರೆಸಿಬಿಡಿ.

ಗುಂಡಣ್ಣನನ್ನು ಎತ್ತಿಕೊಂಡವರು, "ಜ್ವರ ಬಂದಿದೆ ಇದಕ್ಕೆ" ಅನ್ನುತ್ತಾರೆ. ಬಂದಿಲ್ಲ. ಬೆಕ್ಕಿನ ಮೈ ನಮಗಿಂತ ಬಿಸಿ. ಸಾಧಾರಣವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೇರೆ ಬೆಕ್ಕುಗಳಲ್ಲಿ ಆ ಬಿಸಿ ತುಪ್ಪಳದ ಮರೆಯಲ್ಲಿರುತ್ತದೆ, ಇಲ್ಲಿ ನೇರವಾಗಿ ನಮ್ಮ ಕೈಗೆ ತಾಗುತ್ತದೆ. ಆ ಬಿಸಿ ಹಾಗೇ ಹೊರಗೆ ಹೋಗುತ್ತಲೂ ಇರುತ್ತದೆ. ಅದನ್ನು ತುಂಬಿಕೊಳ್ಳಲು ಜಾಸ್ತಿ ತಿನ್ನಬೇಕು. ಅವನಿಗೆ ಹೊಟ್ಟೆಬಾಕ ಅಂತ ಬೈಯುವುದು ಅನ್ಯಾಯ. ಡಿಸೆಂಬರ್ ಬಂತೆಂದರೆ ಫ್ರಿಜ್ ಹಿಂದೆ, ಇನ್ವರ್ಟರ್ ಮೇಲೆ, ಎಲ್ಲಿ ಬಿಸಿ ಇದೆಯೋ ಅಲ್ಲಿ ಅವನು. ಒಂದು ಹತ್ತಿಯ ಅಂಗಿ ಹಾಕಬಹುದು. ಉಣ್ಣೆ ಚುಚ್ಚುತ್ತದೆ. ಆ ಅಂಗಿಯೂ ಜಿಡ್ಡು ಹೀರುವುದರಿಂದ ಮತ್ತೆ ಮತ್ತೆ ಒಗೆಯಬೇಕು. ಬೇಸಿಗೆಯ ಕಷ್ಟ ಬೇರೆ. ಬಿಸಿಲಿಗೆ ಚರ್ಮ ಸುಡುತ್ತದೆ. ಕಿಟಕಿ ಪಕ್ಕದ ಬೆಳಗಿನ ಬಿಸಿಲು ಒಂದಷ್ಟು ಹೊತ್ತು ಸರಿ. ಮಧ್ಯಾಹ್ನ ಪರದೆ ಎಳೆಯಿರಿ. ನಮ್ಮ ಸನ್‌ಸ್ಕ್ರೀನ್ ಹಚ್ಚಬೇಡಿ, ಅಂಥ ಹಲವು ಕ್ರೀಮ್‌ಗಳಲ್ಲಿರುವ ಜಿಂಕ್ ಆಕ್ಸೈಡ್ ನೆಕ್ಕಿದರೆ ಬೆಕ್ಕಿಗೆ ವಿಷ. ಹೊರಗೆ ಬಿಡುವ ಮಾತಂತೂ ಇಲ್ಲವೇ ಇಲ್ಲ. ಬೀದಿಬೆಕ್ಕಿನ ಒಂದು ಪರಚಿಗೆ ಈ ಚರ್ಮ ಸೀಳುತ್ತದೆ.

ಗುಂಡಣ್ಣ ನಮ್ಮ ಮನೆಗೆ ಬಂದದ್ದು ಅಲರ್ಜಿಯ ದೆಸೆಯಿಂದ. ನನ್ನ ಅಕ್ಕನ ಮಗಳ ಗಂಡನಿಗೆ ಬೆಕ್ಕು ಕಂಡರೆ ಸೀನು. ಕೂದಲಿಲ್ಲದ್ದು ತಂದರೆ ತೊಂದರೆ ಇರಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ಅಲರ್ಜಿ ಬರುವುದು ಕೂದಲಿನಿಂದಲ್ಲ. ಬೆಕ್ಕಿನ ಎಂಜಲಿನಲ್ಲಿ, ಚರ್ಮದ ಎಣ್ಣೆಯಲ್ಲಿ ಇರುವ ಒಂದು ಪ್ರೋಟೀನ್‌ನಿಂದ. ಬೋಳು ಬೆಕ್ಕಿಗೂ ಎಂಜಲಿದೆ, ಎಣ್ಣೆಯಂತೂ ಧಾರಾಳ. ಅಳಿಯ ಸೀನಿದ್ದೇ ಸೀನಿದ್ದು, ಕೊನೆಗೆ ಬೆಕ್ಕು ನಮ್ಮ ಪಾಲಿಗೆ ಬಂತು. ನಿಮ್ಮ ಮನೆಯಲ್ಲಿ ಅಲರ್ಜಿ ಇರುವವರಿದ್ದರೆ, ಮೊದಲು ಇಂಥ ಬೆಕ್ಕು ಇರುವ ಮನೆಗೆ ಹೋಗಿ, ನಾಲ್ಕಾರು ಸಲ ಕೂತು ಎದ್ದು ಬನ್ನಿ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಕಜ್ಜಿ ಅಂದುಕೊಂಡು ಯಾರಾದರೂ ಮೆಡಿಕಲ್ ಶಾಪಿನ ಕಜ್ಜಿ ಮುಲಾಮು ತಂದುಕೊಟ್ಟಾರು, ಹುಷಾರ್. ನಾವು ಹಚ್ಚಿಕೊಳ್ಳುವ ಅಂಥ ಮುಲಾಮುಗಳಲ್ಲಿ ಹೆಚ್ಚಾಗಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಗೆ ಹತ್ತುವ ಉಣ್ಣಿ ಹುಳಕ್ಕೆ ಹಾಕುವ ಕೆಲವು ಔಷಧಿಗಳಲ್ಲೂ ಅದೇ ಇದೆ. ಬೆಕ್ಕಿನ ದೇಹ ಅದನ್ನು ಅರಗಿಸಿಕೊಳ್ಳಲಾರದು. ನಡುಕ, ಫಿಟ್ಸ್, ಕೊನೆಗೆ ಜೀವವೇ ಹೋಗಬಹುದು. ಪ್ಯಾರಸಿಟಮಾಲ್ ಕೂಡ ಹಾಗೆಯೇ, ಒಂದೇ ಮಾತ್ರೆ ಸಾಕು. ನೆಲ ಒರೆಸುವ ಫಿನೈಲ್ ಕೂಡ ಅಪಾಯ. ಬರಿಮೈ ಬೆಕ್ಕು ಒರೆಸಿದ ನೆಲದ ಮೇಲೇ ಹೊಟ್ಟೆ ಚೆಲ್ಲಿ ಮಲಗುತ್ತದೆ, ಆಮೇಲೆ ಮೈ ನೆಕ್ಕುತ್ತದೆ. ನಮ್ಮ ಮನೆಯಲ್ಲಿ ಈಗ ಬರೀ ನೀರಲ್ಲಿ ನೆಲ ಒರೆಸುತ್ತೇವೆ. ಒರೆಸುವ ಗೌರಮ್ಮನಿಗೆ ಇದು ಸುತರಾಂ ಒಪ್ಪಿಗೆ ಇಲ್ಲ.

ಕೊಳ್ಳುವವರಿಗೆ ಒಂದು ಮಾತು. 2017ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಸಾಧಾರಣ ಮರಿಗಳ ಕೂದಲು ಬೋಳಿಸಿ ಸ್ಫಿಂಕ್ಸ್ ಅಂತ ಮಾರಿದ್ದು ಸುದ್ದಿಯಾಗಿತ್ತು. ಕೆಲವೇ ವಾರದಲ್ಲಿ ಕೂದಲು ಬಂತು. ಆ ಮರಿಗಳ ಚರ್ಮಕ್ಕೆ ಆದ ಗಾಯವೇ ದೊಡ್ಡ ಪಾಪ. ತಾಯಿಬೆಕ್ಕನ್ನು ತೋರಿಸದೆ ಮರಿ ಮಾರುವವರಿಂದ ದೂರ ಇರಿ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಕೂದಲಿಲ್ಲದ ಬೆಕ್ಕಿನ ತಳಿ ಬೆಳೆಸುವುದನ್ನು 2014ರಲ್ಲೇ ನಿಷೇಧಿಸಿದರು. 2026ರ ಜನವರಿ 1ರಿಂದ ಹೊಸದಾಗಿ ಸಾಕುವುದಕ್ಕೂ ಅಲ್ಲಿ ನಿಷೇಧ. ಮೀಸೆ ಇಲ್ಲ, ಚಳಿ ಬಿಸಿಲಿಗೆ ರಕ್ಷಣೆ ಇಲ್ಲ, ನಮ್ಮ ಶೋಕಿಗೆ ಅದು ಯಾಕೆ ನರಳಬೇಕು ಅನ್ನುವುದು ಅವರ ವಾದ. ಗುಂಡಣ್ಣನನ್ನು ತೊಡೆ ಮೇಲೆ ಕೂರಿಸಿಕೊಂಡೇ ಹೇಳುತ್ತೇನೆ, ಆ ವಾದದಲ್ಲಿ ಹುರುಳಿದೆ. ನಾನಾಗಿಯೇ ದುಡ್ಡು ಕೊಟ್ಟು ಇಂಥ ಮರಿ ತರುತ್ತಿರಲಿಲ್ಲ. ಯಾರಾದರೂ ಸಾಕಲಾಗದೆ ಬಿಟ್ಟದ್ದು ಸಿಕ್ಕಿದರೆ, ಕೈಯಲ್ಲಿ ಸಮಯವಿದ್ದರೆ, ಇಟ್ಟುಕೊಳ್ಳಿ ಅನ್ನುತ್ತೇನೆ. ಸ್ವಭಾವದಲ್ಲಿ ಇಷ್ಟು ಹಚ್ಚಿಕೊಳ್ಳುವ ಬೆಕ್ಕು ಕಡಿಮೆ. ಇಡೀ ದಿನ ಮನೆಗೆ ಬೀಗ ಹಾಕಿ ಹೋಗುವವರಿಗೆ ಮಾತ್ರ ಇದು ಹೇಳಿಸಿದ್ದಲ್ಲ.

ಕೊನೆಯದಾಗಿ ಹೃದಯ. ಈ ತಳಿಯಲ್ಲಿ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಜಾಸ್ತಿ. ಹೊರಗೆ ಏನೂ ಕಾಣುವುದಿಲ್ಲ. ಸ್ಟೆತಸ್ಕೋಪ್‌ಗೂ ಎಷ್ಟೋ ಸಲ ಸಿಕ್ಕುವುದಿಲ್ಲ. ಎಕೋ ಸ್ಕ್ಯಾನ್ ಒಂದೇ ದಾರಿ, ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದು. ಮನೆಯಲ್ಲಿ ನೀವು ಮಾಡಬಹುದಾದದ್ದು ಒಂದಿದೆ. ಬೆಕ್ಕು ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ನೋಡಿ. ಎದ್ದು ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಎಳೆಯತೊಡಗಿದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು, ಫೋನ್ ನಂಬರ್ ಎಷ್ಟು ಅಂತ ಇವತ್ತೇ ವಿಚಾರಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿಡಿ.

ನಮಸ್ಕಾರ.