ಒಂದೇ ತಲೆಮಾರಿನಲ್ಲಿ ಹೊಸ ಗಿಡ

ಕೇಳುಗರಿಗೆ ನಮಸ್ಕಾರ. ಹೊಸ ಪ್ರಭೇದ ಹುಟ್ಟಲು ಲಕ್ಷಾಂತರ ವರ್ಷ ಬೇಕು ಅಂತ ಶಾಲೆಯಲ್ಲಿ ಓದಿರುತ್ತೀರಿ. ಗಿಡಗಳ ಮಟ್ಟಿಗೆ ಆ ಮಾತು ಬದಿಗಿಡಿ. ವರ್ಣತಂತುಗಳು ಇಮ್ಮಡಿಯಾದರೆ ಒಂದೇ ತಲೆಮಾರು ಸಾಕು.

ವರ್ಣತಂತು ಅಂದರೆ ಜೀವಕೋಶದೊಳಗಿನ ಎಳೆಗಳು. ಅವು ಜೋಡಿಜೋಡಿಯಾಗಿ ಇರುತ್ತವೆ. ಪರಾಗ ತಯಾರಾಗುವಾಗ ಪ್ರತಿ ಎಳೆಯೂ ತನ್ನ ಜೋಡಿಯನ್ನು ಹುಡುಕಿಕೊಳ್ಳಬೇಕು. ಆಮೇಲೆ ಜೋಡಿಯಲ್ಲಿ ಒಂದೊಂದೇ ಎಳೆ, ಅಂದರೆ ಅರ್ಧದಷ್ಟು, ಪರಾಗಕ್ಕೆ ಹೋಗುತ್ತದೆ. ಅಂಡದಲ್ಲೂ ಹೀಗೆಯೇ. ಜೋಡಿ ಸಿಗದಿದ್ದರೆ ಪರಾಗ ಜೊಳ್ಳು.

1920ರ ದಶಕ. ಸೋವಿಯತ್ ರಷ್ಯಾದಲ್ಲಿ ಕಾರ್ಪೆಚೆಂಕೊ ಎಂಬ ವಿಜ್ಞಾನಿ ಮೂಲಂಗಿಗೂ ಎಲೆಕೋಸಿಗೂ ಸಂಕರ ಮಾಡಿದರು. ಮಣ್ಣಿನ ಕೆಳಗೆ ಮೂಲಂಗಿ, ಮೇಲೆ ಕೋಸು! ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ಗಿಡ ಹುಲುಸಾಗಿ ಬೆಳೆಯಿತು, ಹೂ ಬಿಟ್ಟಿತು. ಬೀಜ ಮಾತ್ರ ಕಟ್ಟಲಿಲ್ಲ. ಮೂಲಂಗಿಯ 9 ಎಳೆ, ಕೋಸಿನ 9 ಎಳೆ, ಒಟ್ಟು 18. ಲೆಕ್ಕ ಸರಿಯಿದೆ, ಆದರೆ ಒಂದಕ್ಕೂ ಜೋಡಿಯಿಲ್ಲ.

ಆದರೂ ಅಲ್ಲೊಂದು ಇಲ್ಲೊಂದು ಬೀಜ ಸಿಕ್ಕಿತು. ಬಿತ್ತಿ, ಎಳೆ ಎಣಿಸಿದರೆ ಹೆಚ್ಚಿನವುಗಳಲ್ಲಿ 36! ಕೆಲವು ಪರಾಗ, ಕೆಲವು ಅಂಡಗಳಲ್ಲಿ ಎಳೆಗಳು ಪಾಲಾಗದೆ 18ಕ್ಕೆ 18 ಪೂರ್ತಿ ಉಳಿದಿದ್ದವು. ಈಗ ಪ್ರತಿ ಎಳೆಗೂ ಜೋಡಿ ಇದೆ. ಗಿಡ ಚೆನ್ನಾಗಿ ಬೀಜ ಕಟ್ಟಿತು. ಅದನ್ನು ಮತ್ತೆ ಮೂಲಂಗಿಗೆ ಕೂಡಿಸಿದರೆ 18ಕ್ಕೆ 9 ಸೇರಿ 27, ಮತ್ತೆ ಜೋಡಿ ತಪ್ಪಿತು. ಹೆತ್ತವರ ಜೊತೆ ಕೂಡಿ ವಂಶ ಬೆಳೆಸಲಾರದು, ತನ್ನಂಥವುಗಳ ಜೊತೆ ಬೆಳೆಸಬಲ್ಲದು. ಪ್ರಭೇದ ಅಂದರೆ ಇನ್ನೇನು ಬೇಕು ಸ್ವಾಮಿ?

ಮೂಲಂಗಿಯೂ ಬರಲಿಲ್ಲ, ಕೋಸೂ ಕಟ್ಟಲಿಲ್ಲ, ಅದು ಬಿಡಿ. ಇಂಥ ವಿಜ್ಞಾನಿಯನ್ನು 1941ರಲ್ಲಿ ಅಲ್ಲಿನ ಸರ್ಕಾರವೇ ಗುಂಡಿಕ್ಕಿ ಕೊಂದಿತು. ಹೇಳದೆ ಇರಲಾಗಲಿಲ್ಲ.

ಇದೆಲ್ಲ ಸುಮ್ನೆ ಪ್ರಯೋಗದ ಆಟ ಅಂತ ಮೂಗು ಮುರಿಯುವವರಿದ್ದಾರೆ. ಇಂಗ್ಲೆಂಡಿನ ಸೌತಾಂಪ್ಟನ್ ಕರಾವಳಿಯ ಕೆಸರಿನಲ್ಲಿ, ಅಮೆರಿಕದಿಂದ ಬಂದ ಸ್ಪಾರ್ಟಿನ ಹುಲ್ಲು ಅಲ್ಲಿನ ಹುಲ್ಲಿನ ಜೊತೆ ಕೂಡಿತು. ಮೊದಲು ಬೀಜವಿಲ್ಲದ ಮಿಶ್ರತಳಿ. 19ನೇ ಶತಮಾನದ ಕೊನೆಗೆ ಅದರ ಎಳೆಗಳು ಇಮ್ಮಡಿಯಾದವು, ಬೀಜ ಕಟ್ಟುವ ಹೊಸ ಹುಲ್ಲು ಹುಟ್ಟಿತು. ಯಾರೂ ಸಂಕರ ಮಾಡಲಿಲ್ಲ. ಅಮೆರಿಕದಲ್ಲಿ ಟ್ರಾಗೊಪೋಗನ್ ಎಂಬ ಹೂಗಿಡಗಳೂ ಹಾಗೆಯೇ. ಅಂಥ ಎರಡು ಹೊಸ ಪ್ರಭೇದಗಳನ್ನು 1950ರಲ್ಲಿ ಗುರುತಿಸಿದರು.

ಗಾಜಿನ ಆಚೆಯಿಂದ ಸಮಯವಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಎಳೆ ತುಂಡಾಗಿ ತಲೆಕೆಳಗಾಗಿ ಅಂಟುವುದು, ಒಂದರ ತುಂಡು ಇನ್ನೊಂದಕ್ಕೆ ಸೇರುವುದು, ಇವುಗಳಿಂದಲೂ ಜೋಡಿ ಕೆಡುತ್ತದೆ, ಗಿಡಗಳು ಒಂದರೊಡನೊಂದು ಕೂಡದೆ ದೂರವಾಗುತ್ತವೆ. ಇನ್ನು ಗೋಧಿ. ಬ್ರೆಡ್ ಮಾಡುವ ಗೋಧಿಯಲ್ಲಿ 42 ಎಳೆ. ಮೂರು ಹುಲ್ಲುಗಳಿಂದ ಬಂದ 14, 14, 14. ಅದರ ಕತೆ ಹೇಳಲು ಇನ್ನೊಂದು ಸಲ ಕರೆಯಬೇಕು. ನಮಸ್ಕಾರ.