ತುಂಬಿದ ಕಣಜ, ಹಸಿದ ಸ್ನಾಯು

ಕೇಳುಗರಿಗೆ ನಮಸ್ಕಾರ. ನಾಲ್ಕು ಹೆಜ್ಜೆ ಓಡಿ ಕಾಲು ಹಿಡಿದುಕೊಂಡು ಕೂರುವ ಮಕ್ಕಳೆಲ್ಲ ಸೋಮಾರಿಗಳಲ್ಲ. ನಾನು ಹೇಳಲು ಬಂದಿರುವುದು ಇಷ್ಟೇ.

ನಮ್ಮ ಸ್ನಾಯುವಿನೊಳಗೆ ಒಂದು ಕಣಜವಿದೆ. ಉಂಡ ಅನ್ನದ ಸಕ್ಕರೆ ಅಲ್ಲಿ ಗ್ಲೈಕೋಜನ್ ಆಗಿ ಕೂಡಿರುತ್ತದೆ. ಓಡಲು ಶುರುಮಾಡಿದಾಗ ಸ್ನಾಯು ಮೊದಲು ಕೈಹಾಕುವುದು ಅದಕ್ಕೇ. ಕೆಲವರಿಗೆ ಆ ಕಣಜದ ಬಾಗಿಲು ತೆರೆಯುವ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. 1951ರಲ್ಲಿ ಲಂಡನ್ನಿನ ವೈದ್ಯ ಬ್ರಯಾನ್ ಮ್ಯಾಕಾರ್ಡಲ್ ಇಂಥ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ತೋಳು ದಣಿಯುವಷ್ಟು ದುಡಿಸಿದರೂ, ಗ್ಲೈಕೋಜನ್ ಕರಗಿದಾಗ ಹುಟ್ಟಬೇಕಾದ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಏರಲಿಲ್ಲ. ಕಾಯಿಲೆಗೆ ಅವರದೇ ಹೆಸರು ನಿಂತಿತು.

ನನ್ನ ಬಳಿ ಬಂದ ಹುಡುಗಿಯೊಬ್ಬಳ ಕಥೆ ಹೇಳುತ್ತೇನೆ. ಮನೆಮಂದಿಯೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟಿದ್ದರು. ಐವತ್ತು ಮೆಟ್ಟಿಲಿಗೇ ಇವಳ ತೊಡೆ ಕಲ್ಲಾಯಿತು. "ಶುರುವಾಯಿತು ಇವಳ ನಾಟಕ" ಎಂದರು ದೊಡ್ಡಪ್ಪ. ಹುಡುಗಿ ಕೂತಳು, ಎದ್ದಳು, ಪ್ರತಿ ಮೆಟ್ಟಿಲಿಗೂ ಕುಂಕುಮ ಹಚ್ಚುತ್ತಿದ್ದ ಅಜ್ಜಿಯ ಜೊತೆ ನಿಧಾನವಾಗಿ ಹತ್ತಿದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಾಲು ಹಗುರಾಯಿತು. ನಂದಿಯ ಹತ್ತಿರ ಏದುಸಿರು ಬಿಡುತ್ತಾ ಕೂತಿದ್ದವರು ದೊಡ್ಡಪ್ಪ! ಇದು ಪವಾಡವಲ್ಲ. ಅಷ್ಟು ಹೊತ್ತಿಗೆ ಯಕೃತ್ತಿನ ಸಕ್ಕರೆ, ಮೈಯ ಕೊಬ್ಬು ರಕ್ತದ ಮೂಲಕ ಸ್ನಾಯುವಿಗೆ ಬಂದು ಸೇರಿರುತ್ತವೆ. ಇದನ್ನು ನಾವು 'ಎರಡನೇ ಉಸಿರು' ಎನ್ನುತ್ತೇವೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅಣ್ಣಂದಿರು ಕೆಣಕಿದರೆಂದು ಕೊನೆಯ ಮೆಟ್ಟಿಲುಗಳನ್ನು ಓಡಿಯೇ ಹತ್ತಿದಳು. ಮರುದಿನ ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಒಡೆದ ಸ್ನಾಯುವಿನ ಬಣ್ಣವದು, ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಆ ಬಣ್ಣ ಕಂಡರೆ ಕಷಾಯ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಸಮಯ ಸಾಲದು, ಬೇಗ ಹೇಳುತ್ತೇನೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಆದ್ದರಿಂದಲೇ ರಕ್ತಸಂಬಂಧದ ಮದುವೆಗಳಲ್ಲಿ ಅಪಾಯ ಹೆಚ್ಚು. ವ್ಯಾಯಾಮಕ್ಕೆ ಮುಂಚೆ ಸಕ್ಕರೆ ನೀರು ಕುಡಿದರೆ ಅನುಕೂಲ. ಆದರೆ ಇದರ ದಾಯಾದಿಯಂತಿರುವ ತರುಯಿ ಕಾಯಿಲೆಯಲ್ಲಿ ಅದೇ ಸಕ್ಕರೆ ಸುಸ್ತು ಹೆಚ್ಚಿಸುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸದೆ ಮನೆಮದ್ದು ಬೇಡ.

ದೈಹಿಕ ಶಿಕ್ಷಣ ಶಿಕ್ಷಕರು ಯಾರಾದರೂ ಕೇಳುತ್ತಿದ್ದರೆ ಒಂದು ವಿನಂತಿ: ಅಂಥ ಮಗುವಿಗೆ ಮೈದಾನ ಸುತ್ತುವ ಶಿಕ್ಷೆ ಕೊಡಬೇಡಿ, ಮೊದಲ ಹತ್ತು ನಿಮಿಷ ಅದರ ಪಾಡಿಗೆ ನಡೆಯಲು ಬಿಡಿ. ನಮಸ್ಕಾರ.